ಆಂಪ್ ಇಲ್ಲದೆ ಗಿಟಾರ್ ಕೂಗುತ್ತಾ, ಅಣ್ಣಾ?

ಈ ವಾರದ ಅಂಚೆಯಲ್ಲಿ ದಾವಣಗೆರೆಯಿಂದ ಒಂದು ಕಾಗದ. ನಾಲ್ಕು ಪುಟ, ಎರಡೂ ಕಡೆ ಬರೆದದ್ದು. ಹೆಸರು ಹಾಕಬೇಡಿ ಅಂತ ಕೊನೆಯಲ್ಲಿ ಎರಡು ಗೆರೆ ಎಳೆದು ಕೇಳಿಕೊಂಡಿದ್ದಾನೆ ಹುಡುಗ. ಹಾಕೋದಿಲ್ಲ. ಸಾರಾಂಶ ಮಾತ್ರ ಕೊಡ್ತೀನಿ, ಕೇಳಿ.

"ಅಣ್ಣಾ, ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ, ರಾತ್ರಿ ಗಿಟಾರ್. ಬಾಡಿಗೆ ರೂಮಿನಲ್ಲಿ ಮೂವರಿದ್ದೀವಿ. ಆಂಪ್ ಇಲ್ಲ. ಗಿಟಾರಿನ ವಯರನ್ನ ಇಂಟರ್‌ಫೇಸ್ ಅನ್ನೋ ಸಣ್ಣ ಡಬ್ಬಿಗೆ ಚುಚ್ಚಿ, ಅಲ್ಲಿಂದ ಕಂಪ್ಯೂಟರಿಗೆ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳಿಕೊಂಡು ರೆಕಾರ್ಡ್ ಮಾಡ್ತೀನಿ. ಗೆಳೆಯರು ಒಂದು ಕಿರುಚಿತ್ರ ತೆಗೀತಿದ್ದಾರೆ. ಕ್ಲೈಮ್ಯಾಕ್ಸಿನಲ್ಲಿ ಹೀರೋ ಖಾಲಿ ಮನೆಯ ಬಾಗಿಲು ತೆಗೆದು ಸುಮ್ಮನೆ ನಿಲ್ತಾನೆ. ಆಗ ಗಿಟಾರಿನ ಒಂದೇ ಸ್ವರ ಹನ್ನೆರಡು ಸೆಕೆಂಡ್ ಕೂಗಬೇಕು, ಫೀಡ್‌ಬ್ಯಾಕ್ ಥರ, ಅಂತ ಡೈರೆಕ್ಟರ್ ಹಠ. ನನಗೆ ಬೇರೆಲ್ಲ ಬರುತ್ತೆ, ಆ ಕೂಗು ಮಾತ್ರ ಬರ್ತಿಲ್ಲ. ಗಿಟಾರ್ ಗೊತ್ತಿರೋ ಒಬ್ಬರು, ನೂರು ವ್ಯಾಟಿನ ಆಂಪ್ ಇಲ್ಲದೆ ಅದು ಆಗೋ ಕೆಲಸವಲ್ಲ ಅಂದರು. ಅಪ್ಪ ಸಾಲ ಮಾಡಿ ಕೊಡಿಸಿದ ಬೈಕ್ ಇದೆ. ಮಾರಿಬಿಡಲಾ?"

ಬೈಕ್ ಮಾರಬೇಡ ತಮ್ಮಾ! ಮೊದಲು ಈ ಪುಟ ಪೂರ್ತಿ ಓದು. ಆಮೇಲೂ ಮಾರಬೇಕು ಅನ್ನಿಸಿದರೆ ನಾನು ಅಡ್ಡ ಬರೋದಿಲ್ಲ.

ಉಳಿದ ಓದುಗ ಮಹಾಶಯರೂ ಓದಿ. ಹುಬ್ಬಳ್ಳಿ, ಮಂಡ್ಯ, ಬೆಂಗಳೂರಿನ ಬಾಡಿಗೆ ರೂಮುಗಳಲ್ಲಿ ಇದೇ ಸಂಕಟದಲ್ಲಿ ಎಷ್ಟು ಹುಡುಗರಿದ್ದೀರೋ, ನಿಮ್ಮ ಓನರ್ ಎಷ್ಟು ಸಲ ಬಾಗಿಲು ತಟ್ಟಿದ್ದಾರೋ... ಯಾರಿಗೆ ಗೊತ್ತು!

ಮೈಕಾಸುರನ ಕೂಗು

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ನೋಡದವರು ಯಾರಿದ್ದೀರಿ? ಗಾಯಕ ಮಹಾಶಯರು ಮೈಕ್ ಹಿಡಿದು ಸ್ಟೈಲಾಗಿ ಓಡಾಡುತ್ತಾ ಸ್ಪೀಕರ್ ಬಾಕ್ಸಿನ ಮುಂದೆ ಬಂದರು ಅಂತಿಟ್ಟುಕೊಳ್ಳಿ. "ಕುಂ...ಯ್ಯ್ಯ್ಯ್!" ಹೆಂಗಸರು ಮಕ್ಕಳೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ. ಮೈಕ್‌ಸೆಟ್‌ನವನು ಬೀಡಿ ಬಿಸಾಕಿ ಓಡಿ ಬರುತ್ತಾನೆ. ಆಗಿದ್ದೇನು? ಮೈಕಿನೊಳಗೆ ಹೋದ ಸದ್ದು ಸ್ಪೀಕರಿನಲ್ಲಿ ದೊಡ್ಡದಾಗಿ ಹೊರಬಂತು. ಆ ದೊಡ್ಡ ಸದ್ದು ಮತ್ತೆ ಅದೇ ಮೈಕಿಗೆ ಹೋಯಿತು, ಇನ್ನೂ ದೊಡ್ಡದಾಗಿ ಬಂತು, ಮತ್ತೆ ಒಳಗೆ ಹೋಯಿತು... ಗಾಣದೆತ್ತಿನ ಹಾಗೆ ಸುತ್ತು. ಪ್ರತಿ ಸುತ್ತಿಗೂ ಸದ್ದು ಬೆಳೆಯುತ್ತೆ. ಇದೇ ಫೀಡ್‌ಬ್ಯಾಕ್.

ಎಲೆಕ್ಟ್ರಿಕ್ ಗಿಟಾರಿನಲ್ಲೂ ನಡೆಯೋದು ಇದೇ. ಆದರೆ ಇಲ್ಲಿ ಸುತ್ತಿನ ಮಧ್ಯೆ ಒಬ್ಬ ಯಜಮಾನ ಕೂತಿದ್ದಾನೆ. ಅವನೇ ತಂತಿ. ಪಿಕಪ್ ಅಂದರೆ ಅಯಸ್ಕಾಂತ, ಅದಕ್ಕೆ ಸಾವಿರಾರು ಸುತ್ತು ಸುತ್ತಿದ ತಾಮ್ರದ ಎಳೆ. ಮೇಲೆ ಉಕ್ಕಿನ ತಂತಿ ಅಲುಗಿದರೆ ಆ ಎಳೆಯಲ್ಲಿ ಕರೆಂಟು ಹುಟ್ಟುತ್ತೆ. ಆಂಪ್ ಅದನ್ನ ಹಿಗ್ಗಿಸುತ್ತೆ, ಸ್ಪೀಕರ್ ಗಾಳಿಯನ್ನ ಅದುರಿಸುತ್ತೆ. ಆ ಗಾಳಿ ಬಂದು ಗಿಟಾರಿನ ಮೈಯನ್ನೂ ತಂತಿಯನ್ನೂ ತಳ್ಳುತ್ತೆ. ತಂತಿ ಮಾತ್ರ ಎಲ್ಲ ಸದ್ದಿಗೂ ಕುಣಿಯೋದಿಲ್ಲ, ತನಗೆ ಒಪ್ಪುವ ಸ್ವರಕ್ಕೆ ಮಾತ್ರ ಕುಣಿಯುತ್ತೆ. ಅದಕ್ಕೇ ಪೆಂಡಾಲಿನ ಮೈಕು ಅರಚುತ್ತೆ, ಗಿಟಾರು ಹಾಡುತ್ತೆ.

ನಂಬಿಕೆ ಬರಲಿಲ್ಲವೇ? ಈಗಲೇ ಒಂದು ಪರೀಕ್ಷೆ ಮಾಡಿ. ಗಿಟಾರನ್ನ ಸರಿಯಾಗಿ ಶ್ರುತಿ ಮಾಡಿ. ಐದನೇ ತಂತಿಯ ಮೇಲೆ ಬಸ್ ಟಿಕೆಟ್ಟಿನ ಒಂದು ಚೂರು ಮಡಚಿ ಕೂರಿಸಿ. ಆರನೇ ತಂತಿಯನ್ನ ಐದನೇ ಫ್ರೆಟ್‌ನಲ್ಲಿ ಒತ್ತಿ ಜೋರಾಗಿ ಮೀಟಿ. ಮುಟ್ಟದ ತಂತಿಯ ಮೇಲಿನ ಚೂರು ನಡುಗುತ್ತೆ, ಕೆಲವು ಸಲ ಹಾರಿಯೇ ಬೀಳುತ್ತೆ! ಎರಡೂ ಒಂದೇ ಸ್ವರ, ಅದಕ್ಕೇ ಇದು ಕೂಗಿದರೆ ಅದು ಓಗೊಡುತ್ತೆ.

ಇನ್ನೊಂದು ಸಂಗತಿ ಗಮನಿಸಿ. ಮೂರನೇ ತಂತಿಯ ಎರಡನೇ ಫ್ರೆಟ್ ಒತ್ತಿ ಮೀಟಿದರೆ ತಂತಿ ಸೆಕೆಂಡಿಗೆ 220 ಸಲ ಅದುರುತ್ತೆ. ಜೊತೆಗೆ ಅದರೊಳಗೇ ಸಣ್ಣದಾಗಿ 440, 660, 880 ಅನ್ನೋ ಅದುರುಗಳೂ ಇರುತ್ತವೆ. ಇವಕ್ಕೆ ಹಾರ್ಮೋನಿಕ್ ಅಂತ ಹೆಸರು. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ 220 ಷಡ್ಜ, 440 ಮೇಲಿನ ಷಡ್ಜ, 660 ಅದರ ಮೇಲಿನ ಪಂಚಮ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತೆ ಅಂತ ಸಂಗೀತಗಾರರು ಹೇಳೋದು ಕೇಳಿದ್ದೀರಲ್ಲ? ಅದೂ ಇದೇ ಜಾತಿ, ಐದನೇ ಹಾರ್ಮೋನಿಕ್. ಗಿಟಾರಿನ ಫೀಡ್‌ಬ್ಯಾಕ್‌ನಲ್ಲಿ ಮೀಟಿದ ಸ್ವರ ನಿಧಾನವಾಗಿ ಹಿಂದೆ ಸರಿದು, ಈ ಮೇಲಿನವರಲ್ಲಿ ಒಬ್ಬ ಎದ್ದು ನಿಲ್ತಾನೆ. ಮೈ ಜುಂ ಅನ್ನೋದು ಆ ಗಳಿಗೆಯಲ್ಲೇ.

ಯಾವನು ಎದ್ದು ನಿಲ್ತಾನೆ ಅನ್ನೋದು ನೀವು ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ. ಜೋಕಾಲಿ ತೂಗುವವರಿಗೆ ಗೊತ್ತು, ಸರಿಯಾದ ಗಳಿಗೆಯಲ್ಲಿ ತಳ್ಳಿದರೆ ಮೇಲೇರುತ್ತೆ, ತಪ್ಪು ಗಳಿಗೆಯಲ್ಲಿ ತಳ್ಳಿದರೆ ನಿಂತೇ ಹೋಗುತ್ತೆ. ಸದ್ದೂ ಹಾಗೇ. ಸೆಕೆಂಡಿಗೆ 440 ಅದುರಿನ ಅಲೆಯ ಉದ್ದ ಸುಮಾರು 78 ಸೆಂಟಿಮೀಟರ್. ಅದರರ್ಧ, ಅಂದರೆ ಒಂದಡಿ ಮೂರಿಂಚು ಹಿಂದೆ ಸರಿದರೆ ಸಾಕು, ತಂತಿಯನ್ನ ಎತ್ತುತ್ತಿದ್ದ ಅಲೆಯೇ ತಂತಿಯನ್ನ ಅಡಗಿಸುತ್ತೆ. ಆಗ ಬೇರೊಂದು ಹಾರ್ಮೋನಿಕ್ ಮುಂದೆ ಬರುತ್ತೆ.

ದೊಡ್ಡವರ ಕಥೆ

1964ರ ಅಕ್ಟೋಬರ್. ಲಂಡನ್ನಿನ ಅಬ್ಬೆ ರೋಡಿನ ಇಎಂಐ ಸ್ಟುಡಿಯೋ. ಬೀಟಲ್ಸ್ ತಂಡದ ಜಾನ್ ಲೆನನ್ ತನ್ನ ಪಿಕಪ್ ಹಾಕಿದ ಗಿಬ್ಸನ್ ಗಿಟಾರನ್ನ ಆಂಪಿಗೆ ಒರಗಿಸಿಟ್ಟಿದ್ದ. ಪಾಲ್ ಮೆಕಾರ್ಟ್ನಿ ಬೇಸ್ ಗಿಟಾರಿನಲ್ಲಿ ಒಂದು ಸ್ವರ ಮೀಟಿದ. ಒರಗಿದ್ದ ಗಿಟಾರ್ ತಾನಾಗಿ ಗುಂಯ್‌ಗುಟ್ಟಿತು! ಬೇರೆಯವರಾಗಿದ್ದರೆ ಬೈದು ಸ್ವಿಚ್ ಆರಿಸುತ್ತಿದ್ದರು. ಇವರು ಅದನ್ನೇ ಬೇಕೆಂದು ಮಾಡಿ 'ಐ ಫೀಲ್ ಫೈನ್' ಹಾಡಿನ ಶುರುವಿಗೆ ಇಟ್ಟರು.

1967ರ ಜೂನ್‌ನಲ್ಲಿ ಅಮೆರಿಕದ ಮಾಂಟೆರೆ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಅದನ್ನ ಕಿರುಚಿಸಿದ. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್‌ನಲ್ಲಿ, ಉತ್ಸವದ ಕೊನೆಯ ಬೆಳಿಗ್ಗೆ, ಅದೇ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆ ನುಡಿಸುತ್ತಾ ಮಧ್ಯೆ ಬಾಂಬು ಬಿದ್ದ ಹಾಗೆ, ಜನ ಚೀರಿದ ಹಾಗೆ ಗಿಟಾರನ್ನ ಕೂಗಿಸಿದ. ಆಗ ವಿಯೆಟ್ನಾಂ ಯುದ್ಧ ನಡೀತಿತ್ತು. ಒಂದು ಮಾತೂ ಆಡದೆ ಎಲ್ಲ ಹೇಳಿಬಿಟ್ಟ.

ಆದರೆ ತಮ್ಮಾ, ನಿನಗೆ ಹೆಚ್ಚು ಉಪಯೋಗಕ್ಕೆ ಬರೋ ಕಥೆ 1977ರದ್ದು. ಬರ್ಲಿನ್ ಗೋಡೆಯ ಪಕ್ಕದ ಹಾನ್ಸಾ ಸ್ಟುಡಿಯೋ. ಡೇವಿಡ್ ಬೋವಿಯ 'ಹೀರೋಸ್' ಹಾಡು. ಅದರಲ್ಲಿ ಕೊನೆಯವರೆಗೂ ತೇಲೋ ಆ ಉದ್ದನೆಯ ಗಿಟಾರ್ ಸ್ವರಗಳನ್ನ ನುಡಿಸಿದವನು ರಾಬರ್ಟ್ ಫ್ರಿಪ್. ಅವನು ಮಾಡಿದ್ದೇನು ಗೊತ್ತೇ? ಸ್ಪೀಕರಿನಿಂದ ಎಷ್ಟು ದೂರ ನಿಂತರೆ ಯಾವ ಸ್ವರ ಹಿಡಿದು ನಿಲ್ಲುತ್ತೆ ಅಂತ ಕಂಡುಕೊಂಡು ನೆಲದ ಮೇಲೆ ಟೇಪಿನ ಗುರುತು ಹಾಕಿಕೊಂಡ! ಒಂದು ಸ್ವರಕ್ಕೆ ಒಂದು ಗುರುತು. ನಮ್ಮ ಶೂಟಿಂಗಿನಲ್ಲಿ ಹೀರೋ ನಿಲ್ಲೋ ಜಾಗಕ್ಕೆ ಮಾರ್ಕ್ ಹಾಕ್ತಾರಲ್ಲ, ಹಾಗೆ. ಆಮೇಲೆ ಅಂಥ ಟೇಕ್‌ಗಳನ್ನ ಒಂದರ ಮೇಲೊಂದು ಸೇರಿಸಿದರು. ನೋಡು, ಅಷ್ಟು ದೊಡ್ಡವರೂ ಆ ಕೂಗನ್ನ ಅದೃಷ್ಟಕ್ಕೆ ಬಿಡಲಿಲ್ಲ. ಲೆಕ್ಕ ಹಾಕಿ, ಗುರುತು ಹಾಕಿ, ಪೋಣಿಸಿದರು.

ಹೆಡ್‌ಫೋನ್‌ನಲ್ಲಿ ಸುತ್ತು ಕಡಿಯುತ್ತೆ

ಆಂಪ್ ಇಲ್ಲದೆ ನೇರವಾಗಿ ರೆಕಾರ್ಡ್ ಮಾಡೋದೇನೂ ಬಡವರ ಪಾಡಲ್ಲ. 1968ರಲ್ಲಿ ಇದೇ ಬೀಟಲ್ಸ್ 'ರೆವಲ್ಯೂಷನ್' ಹಾಡಿಗೆ ಗಿಟಾರನ್ನ ನೇರವಾಗಿ ಸ್ಟುಡಿಯೋ ಮಿಕ್ಸರಿಗೆ ಚುಚ್ಚಿ, ಅದು ತಡೆದುಕೊಳ್ಳೋದಕ್ಕಿಂತ ಹೆಚ್ಚು ಸದ್ದು ಹರಿಸಿ, ಆ ಗರಗಸದಂಥ ನಾದ ತೆಗೆದರು. 1982ರಲ್ಲಿ ಬೋಸ್ಟನ್ ತಂಡದ ಟಾಮ್ ಶೋಲ್ಜ್ 'ರಾಕ್‌ಮ್ಯಾನ್' ಅನ್ನೋ ಹೆಡ್‌ಫೋನ್ ಡಬ್ಬಿ ಹೊರತಂದ. 1998ರಲ್ಲಿ ಲೈನ್ 6 ಕಂಪನಿಯ ಕೆಂಪು 'ಪಾಡ್' ಬಂತು. ಈಗಂತೂ ಅದೆಲ್ಲ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್ ಆಂಪ್‌ನಲ್ಲೇ ಸಿಗುತ್ತೆ.

ನಾದವೇನೋ ಸಿಕ್ಕಿತು. ಸುತ್ತು ಸಿಗಲಿಲ್ಲ. ಹೆಡ್‌ಫೋನ್‌ನಲ್ಲಿ ಬಂದ ಸದ್ದು ನಿನ್ನ ಕಿವಿಗೆ ಹೋಗಿ ಅಲ್ಲೇ ಮುಗೀತು. ತಂತಿಗೆ ಅದು ಕೇಳಿಸೋದೇ ಇಲ್ಲ! ಸಾಫ್ಟ್‌ವೇರ್‌ನಲ್ಲಿ ಡಿಸ್ಟಾರ್ಷನ್ ಎಷ್ಟು ತಿರುಗಿಸಿದರೂ ತಂತಿ ಸುಸ್ತಾಗಿ ಸತ್ತೇ ಹೋಗುತ್ತೆ. ಹಾಗಾದರೆ ದಾರಿ ಎರಡೇ. ಒಂದು, ಸಣ್ಣದಾಗಿಯಾದರೂ ಸುತ್ತನ್ನ ಮತ್ತೆ ಕಟ್ಟಬೇಕು. ಇಲ್ಲ, ಸುತ್ತು ಇದ್ದಿದ್ದರೆ ಏನಾಗುತ್ತಿತ್ತೋ ಅದನ್ನ ಕೈಯಾರೆ ಬರೆಯಬೇಕು.

ಸಣ್ಣ ಸ್ಪೀಕರಿನ ದಾರಿ

ನೂರು ವ್ಯಾಟ್ ಯಾಕೆ ಬೇಕು? ದೊಡ್ಡ ಸ್ಟೇಜಿನಲ್ಲಿ ಹತ್ತು ಅಡಿ ದೂರ ನಿಂತು ಕೂಗಿಸೋದಕ್ಕೆ. ನಿನ್ನ ಗಿಟಾರ್ ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿದ್ದರೆ ಸಣ್ಣದೇ ಸಾಕು. ಇಂಟರ್‌ಫೇಸಿನಿಂದ ಒಂದು ವಯರನ್ನ ಸಣ್ಣ ಪವರ್ಡ್ ಸ್ಪೀಕರಿಗೆ ಕೊಡು. ಸಾಫ್ಟ್‌ವೇರ್ ಆಂಪ್ ಹಾಕಿ, ಡಿಸ್ಟಾರ್ಷನ್ ಚೆನ್ನಾಗಿ ಏರಿಸಿ ಆ ಸದ್ದನ್ನ ಸ್ಪೀಕರಿನಲ್ಲಿ ಬಿಡು. ಗಿಟಾರನ್ನ ಅದರ ಮುಂದೆ ಹಿಡಿದು ಒಂದು ಸ್ವರ ಮೀಟಿ ಕಾಯಿ. ಹಿಡಿಯಲಿಲ್ಲವೇ? ಬಿರಡೆಗಳಿರೋ ತಲೆಯ ಭಾಗವನ್ನ ಸ್ಪೀಕರಿನ ಪೆಟ್ಟಿಗೆಗೆ ಮೆಲ್ಲಗೆ ಒರಗಿಸು. ಸ್ಪೀಕರಿನ ಕಾಗದಕ್ಕಲ್ಲ, ಪೆಟ್ಟಿಗೆಯ ಮರಕ್ಕೆ! ಅದುರು ಮರದಿಂದ ಮರಕ್ಕೆ ದಾಟಿ ತಂತಿ ಎದ್ದೇಳುತ್ತೆ. ನೀನು ರೆಕಾರ್ಡ್ ಮಾಡೋದು ಸ್ಪೀಕರಿನ ಸದ್ದನ್ನಲ್ಲ, ಗಿಟಾರಿನಿಂದ ನೇರವಾಗಿ ಬರೋದನ್ನೇ. ಸ್ಪೀಕರ್ ಇಲ್ಲಿ ಬರೀ ಜೋಕಾಲಿ ತಳ್ಳೋ ಆಳು.

ಕಂಪ್ಯೂಟರ್ ಸುತ್ತಿ ಬರೋ ಸದ್ದು ಒಂದಿಷ್ಟು ತಡವಾಗುತ್ತೆ. ಗಾಬರಿ ಬೇಡ. 3 ಮಿಲಿಸೆಕೆಂಡ್ ತಡ ಅಂದರೆ ಸ್ಪೀಕರ್ ಇನ್ನೊಂದು ಮೀಟರ್ ದೂರ ಇದ್ದ ಹಾಗೆ, ಅಷ್ಟೇ. ಗಿಟಾರನ್ನ ಹಿಂದೆ ಮುಂದೆ ಸರಿಸಿ ಜಾಗ ಹುಡುಕು. ಸಿಕ್ಕಿದ ಮೇಲೆ ಫ್ರಿಪ್ ಮಾಡಿದ ಹಾಗೆ ನೆಲಕ್ಕೆ ಗುರುತು ಹಾಕು.

ಒಂದು ಎಚ್ಚರಿಕೆ. ಪಿಕಪ್ಪನ್ನ ಸ್ಪೀಕರಿಗೆ ತೀರಾ ಅಂಟಿಸಿದರೆ ತಂತಿಗೆ ಸಂಬಂಧವೇ ಇಲ್ಲದ ಒಂದು ಕೀರಲು ಶುರುವಾಗುತ್ತೆ. ತಂತಿಯನ್ನ ಅಂಗೈಯಿಂದ ಮುಚ್ಚಿ ನೋಡು. ಸದ್ದು ನಿಂತರೆ ಅದು ಹಾಡೋ ಫೀಡ್‌ಬ್ಯಾಕ್. ನಿಲ್ಲದಿದ್ದರೆ ಅದು ಪಿಕಪ್ಪಿನ ಕೀರಲು, ಮೈಕಾಸುರನ ತಮ್ಮ! ತಕ್ಷಣ ದೂರ ಸರಿ.

ಕೈಯಲ್ಲಿ ಹಿಡಿಯೋ ಯಂತ್ರ, ಕಾಲಲ್ಲಿ ಒತ್ತೋ ಯಂತ್ರ

ರಾತ್ರಿ ಹನ್ನೊಂದರ ಮೇಲೆ ಸಣ್ಣ ಸ್ಪೀಕರೂ ಆಗದು ಅನ್ನುವವರಿಗೆ 'ಇ-ಬೋ' ಇದೆ. ಗ್ರೆಗ್ ಹೀಟ್ ಅನ್ನೋ ಅಮೆರಿಕನ್ ಕಂಡುಹಿಡಿದದ್ದು, 1976ರಲ್ಲಿ ಮಾರುಕಟ್ಟೆಗೆ ಬಂತು. 9 ವೋಲ್ಟ್ ಬ್ಯಾಟರಿಯ ಪುಟ್ಟ ಡಬ್ಬಿ. ತಂತಿಯ ಮೇಲೆ ಹಿಡಿದರೆ ಅದರ ಒಂದು ಸುರುಳಿ ತಂತಿಯ ಅದುರನ್ನ ಕೇಳಿಸಿಕೊಳ್ಳುತ್ತೆ, ಇನ್ನೊಂದು ಅದೇ ತಾಳಕ್ಕೆ ತಂತಿಯನ್ನ ಎಳೆಯುತ್ತೆ. ನಿನ್ನ ಕೈಯೊಳಗೇ ಪೂರ್ತಿ ಸುತ್ತು! ಸದ್ದೇ ಇಲ್ಲ, ಓನರ್‌ಗೆ ತೊಂದರೆಯೇ ಇಲ್ಲ. ಒಮ್ಮೆಗೆ ಒಂದೇ ತಂತಿ, ಅಷ್ಟೇ ಅದರ ಮಿತಿ. 1987ರಲ್ಲಿ ಯೂ2 ತಂಡದ 'ವಿತ್ ಆರ್ ವಿದೌಟ್ ಯೂ' ಹಾಡಿನಲ್ಲಿ ಉದ್ದಕ್ಕೆ ಎಳೆದ ಗಿಟಾರ್ ಕೇಳಿದ್ದೀರಾ? ಅದು ಮೈಕೆಲ್ ಬ್ರೂಕ್ ಮಾಡಿದ 'ಇನ್‌ಫಿನಿಟ್ ಗಿಟಾರ್'. ಅದೂ ಇದೇ ತತ್ವ, ಯಂತ್ರ ಗಿಟಾರಿನೊಳಗೇ ಇತ್ತು.

ಪೆಡಲ್‌ಗಳೂ ಇವೆ. 1984ರಲ್ಲಿ ಬಾಸ್ ಕಂಪನಿ 'ಡಿಎಫ್-2' ತಂದಿತು. ಸ್ವರ ಮೀಟಿ ಪೆಡಲ್ ಒತ್ತಿ ಹಿಡಿದರೆ ಅದೇ ಫೀಡ್‌ಬ್ಯಾಕ್ ಥರದ ಸ್ವರ ಹುಟ್ಟಿಸಿ ಕೊಡೋದು. 2017ರಲ್ಲಿ ಡಿಜಿಟೆಕ್ 'ಫ್ರೀಕ್‌ಔಟ್' ತಂದಿತು. ಅದರಲ್ಲಿ ಯಾವ ಹಾರ್ಮೋನಿಕ್ ಏಳಬೇಕು, ಎಷ್ಟು ನಿಧಾನವಾಗಿ ಏಳಬೇಕು ಅನ್ನೋದನ್ನೂ ಆರಿಸಬಹುದು. ಎರಡನೆಯದನ್ನ ನೆನಪಿಟ್ಟುಕೋ. ಎಷ್ಟು ನಿಧಾನವಾಗಿ ಅನ್ನೋದಕ್ಕೆ ಒಂದು ಗುಂಡಿಯನ್ನೇ ಇಟ್ಟಿದ್ದಾರಲ್ಲ, ಯಾಕೆ? ಅದಕ್ಕೆ ನನ್ನದೇ ಒಂದು ಫಜೀತಿ ಹೇಳಬೇಕು.

ನನ್ನ ಕುಕ್ಕರ್ ಪುರಾಣ

ಕೆಲವು ವರ್ಷಗಳ ಹಿಂದೆ ಸ್ನೇಹಿತನ ಚಿತ್ರವೊಂದಕ್ಕೆ ಇಂಥದೇ ಒಂದು ಕೂಗು ಬೇಕಾಯಿತು. ನಾನೂ ಮಹಡಿ ರೂಮಿನವನೇ, ಆಂಪ್ ಇರಲಿಲ್ಲ. ಬುದ್ಧಿವಂತಿಕೆ ಮಾಡಿದೆ. ಗಿಟಾರ್ ಸ್ವರ ಒಂದು ಟ್ರ್ಯಾಕಿನಲ್ಲಿ, ಕಂಪ್ಯೂಟರಿನಿಂದ ಹುಟ್ಟಿಸಿದ ಒಂದು ನೆಟ್ಟಗಿನ ಸೀಟಿ ಇನ್ನೊಂದು ಟ್ರ್ಯಾಕಿನಲ್ಲಿ. ಎರಡನ್ನೂ ಒಂದೇ ಗಳಿಗೆಗೆ ಶುರು ಮಾಡಿ ಮಿಕ್ಸ್ ಮಾಡಿದೆ. ಹೆಮ್ಮೆಯಿಂದ ಕೇಳಿಸಿದೆ. ಹೀರೋ ಅಳುತ್ತಿದ್ದಾನೆ, ಹಿಂದೆ ನನ್ನ ಕೂಗು. ಸ್ನೇಹಿತನ ಅಮ್ಮ ಒಳಗಿಂದ ಬಂದು, "ಕುಕ್ಕರ್ ಕೂಗ್ತಿದೆಯೇನೋ, ಆರಿಸಬಾರದಾ?" ಅಂದರು!

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ರಾತ್ರಿಯೆಲ್ಲ ಹಳೆಯ ರೆಕಾರ್ಡುಗಳನ್ನ ಕೇಳಿದೆ. ಆಗ ಹೊಳೆಯಿತು. ನಾನು ಕದ್ದದ್ದು ಸದ್ದನ್ನ. ಕದಿಯಬೇಕಾಗಿದ್ದದ್ದು ಅದರ ನಡವಳಿಕೆಯನ್ನ.

ನಿಜವಾದ ಫೀಡ್‌ಬ್ಯಾಕ್ ಸ್ವರದ ಜೊತೆಗೇ ಹುಟ್ಟೋದಿಲ್ಲ. ಮೊದಲು ಸ್ವರ, ಆಮೇಲೆ ಒಂದು ಅನುಮಾನದ ಗಳಿಗೆ, ಆಮೇಲೆ ಕೂಗು ಮೆಲ್ಲಗೆ ಏಳುತ್ತೆ. ಬೆರಳು ತಂತಿಯನ್ನ ಅಲುಗಿಸಿದರೆ ಕೂಗೂ ಅಲುಗುತ್ತೆ. ತಂತಿಯನ್ನ ಎಳೆದರೆ ಕೂಗೂ ಏರುತ್ತೆ. ಅಂಗೈ ಇಟ್ಟರೆ ಎರಡೂ ಒಟ್ಟಿಗೆ ಸಾಯುತ್ತವೆ. ಇಷ್ಟು ಸರಿಯಿದ್ದರೆ ಕಿವಿ ನಂಬುತ್ತೆ. ಇದರಲ್ಲಿ ಒಂದು ತಪ್ಪಿದರೂ ಕುಕ್ಕರ್!

ಕೈಯಾರೆ ಬರೆಯೋ ದಾರಿ

ಈಗ ತಮ್ಮಾ, ನಿನ್ನ ಹನ್ನೆರಡು ಸೆಕೆಂಡಿಗೆ ಬರೋಣ. ಕಾಸು ಖರ್ಚಿಲ್ಲ. ಪೆನ್ನು ಹಿಡಿ.

ಗಿಟಾರನ್ನ ಯಂತ್ರ ನೋಡಿ ಶ್ರುತಿ ಮಾಡು. ತಂತಿ 220ರ ಬದಲು 219ರಲ್ಲಿದ್ದರೆ ಅದರ ಮೇಲಿನ ಷಡ್ಜ 438 ಆಗುತ್ತೆ. ನೀನು ಸೇರಿಸೋ 440ರ ಜೊತೆ ಸೆಕೆಂಡಿಗೆ ಎರಡು ಸಲ ಅಲೆ ಅಲೆಯಾಗಿ ಜಗಳವಾಡುತ್ತೆ. ಮೂರನೇ ತಂತಿ, ಎರಡನೇ ಫ್ರೆಟ್. ಸಾಫ್ಟ್‌ವೇರ್ ಆಂಪ್ ಇಲ್ಲದ ಶುದ್ಧ ಸದ್ದನ್ನೇ ರೆಕಾರ್ಡ್ ಮಾಡು. ಜೋರಾಗಿ ಮೀಟು. ಮೊದಲ ಎರಡು ಸೆಕೆಂಡ್ ಬೆರಳು ಅಲುಗಿಸಬೇಡ, ಆಮೇಲೆ ಮೆಲ್ಲಗೆ ಅಲುಗಿಸು. ತಂತಿ ಪೂರ್ತಿ ಸಾಯೋವರೆಗೂ ಬಿಡು.

ಆ ಟ್ರ್ಯಾಕಿನ ಎರಡು ನಕಲು ತೆಗೆ. ಮೊದಲ ನಕಲಿನ ಶ್ರುತಿಯನ್ನ 12 ಅರ್ಧ ಸ್ವರ ಏರಿಸು, ಮೇಲಿನ ಷಡ್ಜ ಸಿಗುತ್ತೆ. ಎರಡನೆಯದನ್ನ 19 ಅರ್ಧ ಸ್ವರ ಏರಿಸು, ಅದರ ಮೇಲಿನ ಪಂಚಮ ಸಿಗುತ್ತೆ. ಎರಡಕ್ಕೂ ಮೇಲಿನ ಸದ್ದನ್ನ ಕತ್ತರಿಸೋ ಫಿಲ್ಟರ್ ಹಾಕಿ, ಬರೀ ಒಂದು ಕೊಳಲಿನಂಥ ನಾದ ಉಳಿಸಿಕೋ. ಕಂಪ್ರೆಸರ್ ಹಾಕಿ ಸದ್ದು ಬೇಗ ಬೀಳದ ಹಾಗೆ ಮಾಡು. ನಕಲಿನದೇ ತಂತಿ ಆದ್ದರಿಂದ ನಿನ್ನ ಬೆರಳಿನ ಅಲುಗು ತಾನಾಗಿ ಅದರಲ್ಲೂ ಇರುತ್ತೆ. ಕಂಪ್ಯೂಟರಿನ ಸೀಟಿಗೆ ಇಲ್ಲದ ಜೀವ ಇದಕ್ಕಿದೆ. ಕೊನೆಕೊನೆಗೆ ತಂತಿ ಪೂರ್ತಿ ಸತ್ತಲ್ಲಿ ಮಾತ್ರ ಅದೇ ಶ್ರುತಿಯ ಸೀಟಿಯನ್ನ ಮೆಲ್ಲಗೆ ಸೇರಿಸಿ ದಾಟಿಸು. ಅದಕ್ಕೂ ಕೈಯಿಂದ ಸ್ವಲ್ಪ ಅಲುಗು ಬರೆ.

ಇನ್ನು ಸಮಯದ ಲೆಕ್ಕ. 0ಯಿಂದ 2 ಸೆಕೆಂಡ್: ಬರೀ ಗಿಟಾರ್. 2ರಿಂದ 5: ಮೇಲಿನ ಷಡ್ಜ ಸೊನ್ನೆಯಿಂದ ನಿಧಾನವಾಗಿ ಏರಲಿ, ಮೂಲ ಸ್ವರ ಇಳಿಯಲಿ. 5ರಿಂದ 8: ಷಡ್ಜದ್ದೇ ರಾಜ್ಯ. 8ರಿಂದ 9: ಅದು ಜಾರಿ ಪಂಚಮ ಎದ್ದು ನಿಲ್ಲಲಿ, ಗಿಟಾರಿಸ್ಟ್ ಒಂದು ಹೆಜ್ಜೆ ಸರಿದ ಹಾಗೆ. 9ರಿಂದ 12: ಪಂಚಮ ಕೂಗಲಿ. 12ಕ್ಕೆ ಎಲ್ಲ ಟ್ರ್ಯಾಕೂ ಒಂದೇ ಏಟಿಗೆ ಕಟ್!

ಇನ್ನೊಂದು ಗುಟ್ಟು. ಮೂರೂ ಟ್ರ್ಯಾಕನ್ನ ಮೊದಲು ಸೇರಿಸಿ, ಆಮೇಲೆ ಒಂದೇ ಸಾಫ್ಟ್‌ವೇರ್ ಆಂಪ್ ಒಳಗೆ ಕಳಿಸು. ನಿಜವಾದ ಫೀಡ್‌ಬ್ಯಾಕ್‌ನಲ್ಲಿ ಹಾರ್ಮೋನಿಕ್ ಹುಟ್ಟೋದು ತಂತಿಯಲ್ಲಿ, ಆಮೇಲೆ ತಾನೇ ಆಂಪಿಗೆ ಹೋಗೋದು? ಡಿಸ್ಟಾರ್ಷನ್ ಒಳಗೆ ಮೂರೂ ಕಲಸಿ ಒಂದೇ ಗಿಟಾರ್ ಆಗುತ್ತೆ. ಆಂಪ್ ಆದ ಮೇಲೆ ಸೇರಿಸಿದರೆ, ಅನ್ನದ ಮೇಲೆ ಹಸಿ ಸಾರಿನ ಪುಡಿ ಉದುರಿಸಿದ ಹಾಗೆ ಬೇರೆಯಾಗೇ ಉಳಿಯುತ್ತೆ.

ಮೈ ಜೋಪಾನ, ಕಿವಿ ಜೋಪಾನ

ಹೆಡ್‌ಫೋನ್ ಹಾಕಿ ಪ್ರಯೋಗ ಮಾಡುವಾಗ ವಾಲ್ಯೂಮ್ ಇಳಿಸಿ ಶುರು ಮಾಡು, ಹೊರಹೋಗೋ ಸದ್ದಿಗೆ ಲಿಮಿಟರ್ ಹಾಕು. ಹಠಾತ್ತನೆ ಏಳೋ ಕೂಗು ಕಿವಿಗೆ ಮಾಡೋ ಗಾಯ ಮತ್ತೆ ವಾಸಿಯಾಗದೆ ಉಳಿಯಬಹುದು. ಯಾರಾದರೂ ಗೆಳೆಯ ವಾಲ್ವ್ ಆಂಪ್ ಎರವಲು ಕೊಟ್ಟರೆ, ಸದ್ದಾಗದಿರಲಿ ಅಂತ ಸ್ಪೀಕರ್ ಬಿಚ್ಚಿ ನುಡಿಸಬೇಡ, ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಯಾವ ಆಂಪಿನದಾದರೂ ಸ್ಪೀಕರ್ ವಯರನ್ನ ಇಂಟರ್‌ಫೇಸಿಗೆ ಚುಚ್ಚಬೇಡ, ಡಬ್ಬಿ ಹೋದಂತೆಯೇ.

ಇದು ಮೋಸ ಅಲ್ವಾ?

ನಿನಗೆ ಬುದ್ಧಿ ಹೇಳಿದವರು ಇದನ್ನೇ ಅಂದಿರಬೇಕು. ಸುಳ್ಳು ಫೀಡ್‌ಬ್ಯಾಕ್, ಮೋಸ ಅಂತ. ಸಿನಿಮಾ ಓದುಗರಾದ ನಾವು ಇದಕ್ಕೆ ನಗಬೇಕೋ ಅಳಬೇಕೋ! ಕುದುರೆ ಓಟಕ್ಕೆ ತೆಂಗಿನ ಚಿಪ್ಪು ಕುಟ್ಟಿದವರು ನಾವು. ಡಿಷುಂ ಡಿಷುಂ ಅಂದಾಗ ಯಾವ ಖಳನಾಯಕನ ದವಡೆ ಮುರಿದಿದೆ?

ಪಿ.ಬಿ. ಶ್ರೀನಿವಾಸ್ ಹಾಡಿದರು, ಅಣ್ಣಾವ್ರು ತುಟಿ ಆಡಿಸಿದರು. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ರಾಜ್‌ಕುಮಾರ್ ತಮ್ಮ ಹಾಡನ್ನ ಹೆಚ್ಚಾಗಿ ತಾವೇ ಹಾಡತೊಡಗಿದರು. ಅದಕ್ಕೆ ಮುಂಚಿನ ಆ ವರ್ಷಗಳಲ್ಲಿ ಟೆಂಟಿನ ಮರಳಿನ ಮೇಲೆ ಕೂತು ನೋಡಿದವರಿಗೆ ಅದು ಇಬ್ಬರ ಕೆಲಸ ಅನ್ನಿಸಿತೇ? ಇಲ್ಲ. ಯಾಕೆ? ಉಸಿರು ಎಲ್ಲಿ ಎಳೆಯುತ್ತಾರೋ ಅಲ್ಲಿ ಇವರ ಎದೆ ಏರಿತು. ಸ್ವರ ಎಲ್ಲಿ ನಡುಗಿತೋ ಅಲ್ಲಿ ಇವರ ಗಂಟಲು ನಡುಗಿತು. ಕಂಠ ಒಬ್ಬರದು, ಮುಖ ಒಬ್ಬರದು, ಎರಡರ ನಡವಳಿಕೆ ಒಂದೇ. ಅದಕ್ಕೆ ಮೋಸ ಅಂತ ಯಾರೂ ಅನ್ನಲಿಲ್ಲ, ಚಪ್ಪಾಳೆ ಹೊಡೆದರು.

ಆಂಪ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಮುಂದೊಂದು ದಿನ ಒಳ್ಳೆಯ ಆಂಪಿನ ಮುಂದೆ ನಿಂತು, ಆ ಗಾಳಿ ಹೊಟ್ಟೆಗೆ ಬಡಿದು, ಗಿಟಾರ್ ಕೈಯಲ್ಲಿ ಜೀವಂತ ಪ್ರಾಣಿಯ ಹಾಗೆ ಮಿಸುಕಾಡಿದಾಗ ನಿನಗೇ ತಿಳಿಯುತ್ತೆ, ಅದರ ಸುಖವೇ ಬೇರೆ. ಅಲ್ಲಿ ಕೂಗು ನಿನ್ನ ಮಾತು ಕೇಳದೆಯೂ ಇರಬಹುದು, ಅದೇ ಅದರ ಮಜಾ. ಆದರೆ ಅದು ನಿನ್ನ ಸುಖ. ಪರದೆಯ ಮುಂದೆ ಕೂತವನಿಗೆ ಬೇಕಾದ್ದು ಖಾಲಿ ಮನೆಯ ಬಾಗಿಲಲ್ಲಿ ನಿಂತ ಆ ಹೀರೋನ ಸಂಕಟ. ಅದಕ್ಕೆ ನೂರು ವ್ಯಾಟ್ ಬೇಕಿಲ್ಲ. ಹನ್ನೆರಡು ಸೆಕೆಂಡನ್ನ ಸಾಲಾಗಿ ಕೇಳಿಸಿಕೊಳ್ಳೋ ತಾಳ್ಮೆ ಬೇಕು. ಮೊದಲ ಸಲಕ್ಕೆ ಕುಕ್ಕರ್ ಆದರೆ ಬೇಸರ ಬೇಡ, ಲೆಕ್ಕ ಸರಿಮಾಡಿ ಮತ್ತೆ ಮಾಡು. ರೂಮಿನ ಇಬ್ಬರು ಗೆಳೆಯರಿಗೆ ಏನೂ ಹೇಳದೆ ಕೇಳಿಸು. "ಆಂಪ್ ಯಾರದ್ದೋ?" ಅಂತ ಕೇಳಿದರೆ ಗೆದ್ದೆ ಅಂತ ಲೆಕ್ಕ.

ಚಿತ್ರ ತೋರಿಸೋ ದಿನ ಮಾತ್ರ ಒಂದು ಕೆಲಸ ಮಾಡು ತಮ್ಮಾ. ಆ ಬೈಕನ್ನ ಒರೆಸಿ, ಅಪ್ಪನನ್ನ ಹಿಂದೆ ಕೂರಿಸಿಕೊಂಡು ಹೋಗು. ಕ್ಲೈಮ್ಯಾಕ್ಸ್ ಬಂದಾಗ ಪರದೆ ನೋಡಬೇಡ, ಅಪ್ಪನ ಮುಖ ನೋಡು.

ಆಮೇಲೆ ನನಗೊಂದು ಕಾಗದ ಬರೆ. ಈ ಸಲ ಎರಡು ಪುಟ ಸಾಕು!